ಜಾನ್ ವೆಸ್ಲಿ ಮತ್ತು ಕ್ರೈಸ್ತಧರ್ಮದಲ್ಲಿ ನಂಬಿಕೆಯ ಸ್ವರೂಪ

ಕ್ರೈಸ್ತಧರ್ಮದಲ್ಲಿ 'ನಂಬಿಕೆ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಧರ್ಮಸಭೆಯು ಬೋಧಿಸಿದ ತತ್ತ್ವಗಳನ್ನು ಸತ್ಯವೆಂದು ಬುದ್ಧಿಯು ಒಪ್ಪುವುದು ಒಂದು. ಆ ದೇವರಿಗೆ ತನ್ನನ್ನೇ ಒಪ್ಪಿಸಿಕೊಳ್ಳುವುದು ಇನ್ನೊಂದು. ಮೊದಲನೆಯದು ಓದಿನಿಂದಲೂ ಪರಂಪರೆಯಿಂದಲೂ ಬರಬಹುದು. ಎರಡನೆಯದನ್ನು ಒಬ್ಬರ ಪರವಾಗಿ ಮತ್ತೊಬ್ಬರು ಪಡೆಯಲಾಗದು. ದೇವರು ಒಬ್ಬನೆಂದು ಒಪ್ಪುವಷ್ಟರ ನಂಬಿಕೆ ದೆವ್ವಗಳಿಗೂ ಉಂಟೆಂಬ ಅರ್ಥದ ಮಾತು ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆಯಲ್ಲಿಯೇ ಬಂದಿದೆ. ಈ ಎರಡರ ಅಂತರವನ್ನು ತನ್ನ ಬಾಳಿನಲ್ಲಿಯೇ ಕಂಡುಕೊಂಡವನು ಜಾನ್ ವೆಸ್ಲಿ (1703–1791). ಮೈಸೂರು ಸೀಮೆಯಲ್ಲಿ ಶಾಲೆಗಳನ್ನೂ ಮುದ್ರಣಾಲಯವನ್ನೂ ನಡೆಸಿದ ವೆಸ್ಲಿಯನ್ ಮಿಶನ್ನಿಗೆ ಹೆಸರು ಬಂದುದು ಈತನಿಂದಲೇ.

ವೆಸ್ಲಿಯು ಇಂಗ್ಲೆಂಡಿನ ಎಪ್‌ವರ್ತ್ ಎಂಬ ಊರಿನಲ್ಲಿ ಪಾದ್ರಿಯೊಬ್ಬನ ಮಗನಾಗಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಓದಿ, 1728ರಲ್ಲಿ ತಾನೂ ಪಾದ್ರಿಯಾದನು. ಉಪವಾಸ, ಪ್ರಾರ್ಥನೆ, ಸೆರೆಯಾಳುಗಳ ಸೇವೆ ಇವುಗಳಲ್ಲಿ ಆತನೂ ಆತನ ಗೆಳೆಯರೂ ತೋರಿದ ಕಟ್ಟುನಿಟ್ಟನ್ನು ಕಂಡು, ಅಲ್ಲಿಯವರು ಅವರನ್ನು 'ಮೆಥಡಿಸ್ಟರು', ಎಂದರೆ ಕ್ರಮನಿಷ್ಠರು, ಎಂದು ಹಾಸ್ಯಮಾಡಿದರು. ಆಚಾರದಲ್ಲಿ ಕೊರತೆಯಿರಲಿಲ್ಲ; ಆದರೂ ಒಳಗೆ ನೆಮ್ಮದಿಯಿರಲಿಲ್ಲ.

ಅಮೆರಿಕದ ಜಾರ್ಜಿಯಾ ವಸಾಹತಿಗೆ ಧರ್ಮಬೋಧೆಗೆಂದು ಹೊರಟಾಗ, 1736ರ ಜನವರಿಯಲ್ಲಿ, ಹಡಗು ಬಿರುಗಾಳಿಗೆ ಸಿಕ್ಕಿತು. ದೊಡ್ಡ ಹಾಯಿ ಹರಿದು ನೀರು ಒಳನುಗ್ಗಿತು, ಆಂಗ್ಲರು ಚೀರಿದರು. ಅದೇ ಹಡಗಿನಲ್ಲಿದ್ದ ಜರ್ಮನ್ ಭಾಷೆಯ ಮೊರೇವಿಯನ್ ಪಂಥದವರು ಮಾತ್ರ ಹಾಡುತ್ತಿದ್ದ ಕೀರ್ತನೆಯನ್ನು ನಿಲ್ಲಿಸಲಿಲ್ಲ. ತಮ್ಮ ಹೆಂಗಸರೂ ಮಕ್ಕಳೂ ಸಾವಿಗೆ ಅಂಜುವವರಲ್ಲವೆಂದು ಅವರಲ್ಲೊಬ್ಬನು ಬಳಿಕ ತಿಳಿಸಿದನು. ವೆಸ್ಲಿಯಾದರೋ ಅಂಜಿದ್ದನು. ಪರರಿಗೆ ಬೋಧಿಸಹೊರಟವನಲ್ಲಿ ಆಪತ್ಕಾಲಕ್ಕೆ ಒದಗುವ ನಂಬಿಕೆಯೇ ಇರಲಿಲ್ಲ. 1738ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆ, ಬೋಧನೆಯನ್ನೇ ಬಿಟ್ಟುಬಿಡಲೇ ಎಂದು ಆತನು ಪೀಟರ್ ಬೋಲರ್ ಎಂಬ ಮೊರೇವಿಯನ್ ಬೋಧಕನನ್ನು ಕೇಳಿದನು. ನಂಬಿಕೆ ದೊರೆಯುವವರೆಗೂ ಅದನ್ನು ಬೋಧಿಸುತ್ತಲೇ ಇರಬೇಕೆಂದು ಬೋಲರನು ಸಲಹೆಯಿತ್ತನು.

ಅದೇ ವರ್ಷದ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದಕ್ಕೆ ವೆಸ್ಲಿಯು ಮನಸ್ಸಿಲ್ಲದ ಮನಸ್ಸಿನಿಂದ ಹೋದನು. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಗೆ ಮಾರ್ಟಿನ್ ಲೂಥರನು ಬರೆದ ಮುನ್ನುಡಿಯನ್ನು ಅಲ್ಲಿ ಓದುತ್ತಿದ್ದರು. ಕೇಳುತ್ತಿದ್ದಂತೆಯೇ, ಕ್ರಿಸ್ತನು ತನ್ನ ಪಾಪಗಳನ್ನೇ ನೀಗಿದನೆಂಬ ಭರವಸೆ ಆತನ ಎದೆಯಲ್ಲಿ ಮೂಡಿತು. ಲೋಕಕ್ಕಾಗಿ ಎಂದು ಬಾಲ್ಯದಿಂದ ಕಲಿತುದು 'ನನಗಾಗಿ' ಎಂಬ ಅನುಭವವಾಯಿತು. ತತ್ತ್ವವು ಬದಲಾಗಲಿಲ್ಲ, ತತ್ತ್ವಕ್ಕೂ ಆತನಿಗೂ ಇದ್ದ ಸಂಬಂಧವು ಬದಲಾಯಿತು.

ಇಲ್ಲಿಗೆ ಎಲ್ಲವೂ ಮುಗಿಯಿತೆಂದು ಭಾವಿಸಬಾರದು. 1739ರ ಆರಂಭದಲ್ಲಿಯೂ ತಾನು ಕ್ರೈಸ್ತನಲ್ಲವೆಂದೇ ಆತನು ಬರೆದುಕೊಂಡನು. ಭಾವೋದ್ರೇಕವೊಂದನ್ನೇ ನಂಬಿಕೆಯ ಅಳತೆಗೋಲಾಗಿಸಿದರೆ, ಭಾವವು ಇಳಿದಾಗ ನಂಬಿಕೆಯೂ ಇಳಿದಂತೆ ತೋರುತ್ತದೆ. ವೃದ್ಧಾಪ್ಯದಲ್ಲಿ ವೆಸ್ಲಿಯು ತನ್ನ ದಿನಚರಿಯ ಹಳೆಯ ಕಠೋರ ಮಾತುಗಳಿಗೆ ತಿದ್ದುಪಡಿಯ ಟಿಪ್ಪಣಿಗಳನ್ನು ಸೇರಿಸಿದನು: ಆಗಲೂ ತನ್ನಲ್ಲಿ ನಂಬಿಕೆಯಿತ್ತು, ಆದರೆ ಅದು ಸೇವಕನ ನಂಬಿಕೆ, ಮಗನದಲ್ಲ ಎಂಬುದು ಅದರ ಭಾವ. ಸೇವಕನು ಅಪ್ಪಣೆಗೆ ಅಂಜಿ ಮಾಡುವ ಕೆಲಸವನ್ನೇ ಮಗನು ಮನೆಯು ತನ್ನದೆಂಬ ಸಲಿಗೆಯಿಂದ ಮಾಡುತ್ತಾನೆ.

ಆದುದರಿಂದಲೇ ವೆಸ್ಲಿಯು ಸತ್ಕಾರ್ಯವನ್ನು ಕೈಬಿಡಲಿಲ್ಲ. ಗಣಿಯ ಕೂಲಿಗಳಿಗೆ ಬಯಲಿನಲ್ಲಿ ನಿಂತು ಬೋಧಿಸಿದನು. 1791ರಲ್ಲಿ, ಸಾಯುವ ಕೆಲವೇ ದಿನಗಳ ಮುಂಚೆ, ಗುಲಾಮರ ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸನಿಗೆ ಪತ್ರ ಬರೆದು ಧೈರ್ಯ ತುಂಬಿದನು. ಮೊದಲು ಮುಕ್ತಿಯನ್ನು ಗಳಿಸಲೆಂದು ಮಾಡುತ್ತಿದ್ದ ಸೇವೆಯು ಅನಂತರ ದೊರೆತ ಕೃಪೆಯ ಫಲವಾಯಿತು. ಅಂತರಂಗದ ನಂಬಿಕೆಗೆ ಹೊರಗಿನವರು ಕಾಣಬಹುದಾದ ಸಾಕ್ಷಿ ಇಂತಹ ನಡೆಯೊಂದೇ.