ಅರಸು ತಪ್ಪು ಮಾಡಬಲ್ಲನೆ?

ನೆರೆಮನೆಯವನ ಎತ್ತು ನನ್ನ ಹೊಲಕ್ಕೆ ನುಗ್ಗಿ ಪೈರನ್ನು ಮೇಯ್ದರೆ ನಾನು ಅವನಲ್ಲಿ ನಷ್ಟ ಕೇಳಬಲ್ಲೆ. ಅವನು ಕೊಡಲೊಲ್ಲೆನೆಂದರೆ ನ್ಯಾಯಾಲಯ ಕೊಡಿಸುತ್ತದೆ. ಇದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರನ್ನು ಕೇಳುವುದು? ಸರ್ಕಾರದ ವಾಹನ ದಾರಿಹೋಕನ ಮೇಲೆ ಹರಿದರೆ, ಠಾಣೆಯಲ್ಲಿಟ್ಟ ಒಡವೆ ಠಾಣೆಯಲ್ಲೇ ಮಾಯವಾದರೆ, ಬಿಡುಗಡೆಯ ಆಜ್ಞೆ ಬಂದ ಮೇಲೂ ಸೆರೆಮನೆಯ ಬಾಗಿಲು ತೆರೆಯದಿದ್ದರೆ, ನಷ್ಟ ತುಂಬಿಕೊಡುವವರು ಯಾರು? ತಪ್ಪು ಮಾಡಿದ ನೌಕರನೆ? ಅವನನ್ನು ನೇಮಿಸಿದ ಸರ್ಕಾರವೆ? ಅಥವಾ ಇದು ತನ್ನ ಹಣೆಯ ಬರಹವೆಂದು ಪ್ರಜೆಯೇ ಹೊತ್ತುಕೊಳ್ಳಬೇಕೆ? ಈ ಪ್ರಶ್ನೆಗೆ ಬೇರೆ ಬೇರೆ ದೇಶಗಳು ಕೊಟ್ಟುಕೊಂಡ ಉತ್ತರಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಬೇಕೆಂಬುದು ಈ ಭಾಷಣದಲ್ಲಿ ನನ್ನ ಉದ್ದೇಶ.

ಮೊದಲು ಇಂಗ್ಲೆಂಡನ್ನು ತೆಗೆದುಕೊಳ್ಳೋಣ. ನಮ್ಮ ಕಾನೂನಿನ ಬೇರು ಬಹುಮಟ್ಟಿಗೆ ಅಲ್ಲಿಯದು. ಅರಸನು ತಪ್ಪು ಮಾಡಲಾರನು ಎಂಬುದು ಅಲ್ಲಿನ ಹಳೆಯ ಸೂತ್ರ. ಅರಸನಿಗೆ ತಪ್ಪು ಮಾಡುವ ಅಧಿಕಾರವಿಲ್ಲ ಎಂದು ಇದಕ್ಕೆ ಒಂದು ಸದರ್ಥ ಹೇಳಬಹುದಿತ್ತು. ಆದರೆ ನ್ಯಾಯಾಲಯಗಳಲ್ಲಿ ರೂಢಿಗೆ ಬಂದ ಅರ್ಥ ಬೇರೆ. ಅರಸನು ಏನು ಮಾಡಿದರೂ ಅದು ತಪ್ಪೆನಿಸದು. ಅವನ ಸೇವಕನ ತಪ್ಪಿಗೂ ಅವನು ಹೊಣೆಯಲ್ಲ. 1834ರ ಅಕ್ಟೋಬರಿನಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಭವನ ಸುಟ್ಟುಹೋಯಿತು. ಲೆಕ್ಕಕ್ಕಾಗಿ ಹಿಂದಿನ ಕಾಲದಲ್ಲಿ ಬಳಸುತ್ತಿದ್ದ ಗೀರುಕಡ್ಡಿಗಳ ರಾಶಿಯನ್ನು ಒಲೆಗಳಲ್ಲಿ ಎಗ್ಗಿಲ್ಲದೆ ಉರಿಸಿದ್ದು ಅದಕ್ಕೆ ಕಾರಣ. ಆ ಬೆಂಕಿಯಲ್ಲಿ ಕಾಮನ್ಸ್ ಸಭೆಯ ಅಧ್ಯಕ್ಷರ ಸ್ವಂತ ಸಾಮಾನುಗಳೂ ಬೂದಿಯಾದವು. ಅವರು ಪರಿಹಾರ ಬೇಡಿ ನ್ಯಾಯಾಲಯದ ಮೆಟ್ಟಿಲೇರಿದರು, ಬರಿಗೈಯಲ್ಲಿ ಮರಳಿದರು. ಸೇವಕರ ಅಜಾಗ್ರತೆಗೆ ರಾಜಸತ್ತೆ ಹೊಣೆಯಲ್ಲವೆಂದು ತೀರ್ಪಾಯಿತು. ಪಾರ್ಲಿಮೆಂಟಿನ ಅಧ್ಯಕ್ಷಪೀಠದಲ್ಲಿದ್ದವರ ಪಾಡೇ ಹೀಗಾದರೆ ಸಾಮಾನ್ಯನ ಪಾಡನ್ನು ಕೇಳಬೇಕಿಲ್ಲ.

ಕಾಲ ಕಳೆದಂತೆ ಈ ಕಾಠಿಣ್ಯವನ್ನು ಸಡಿಲಿಸಲು ಇಂಗ್ಲಿಷರು ಒಂದು ಉಪಾಯ ಹೂಡಿದರು. ದಾವೆ ಸರ್ಕಾರದ ಮೇಲಲ್ಲ, ಸರ್ಕಾರವೇ ಹೆಸರಿಸಿಕೊಟ್ಟ ಒಬ್ಬ ಅಧಿಕಾರಿಯ ಮೇಲೆ. ಡಿಕ್ರಿಯಾದರೆ ಹಣ ಮಾತ್ರ ಖಜಾನೆಯಿಂದ. ಇದು ಕಾನೂನಲ್ಲ, ಔದಾರ್ಯದ ನಾಟಕ. ಈ ನಾಟಕಕ್ಕೆ ತೆರೆ ಎಳೆದದ್ದು 1946ರ ಒಂದು ಮೊಕದ್ದಮೆ. ಯುದ್ಧಕಾಲದಲ್ಲಿ ಸೈನ್ಯದವರು ಕಡಲತೀರದ ಮರಳುದಿಣ್ಣೆಗಳಲ್ಲಿ ನೆಲಸಿಡಿಗಳನ್ನು ಹುದುಗಿಸಿದ್ದರು. ಆಡುತ್ತ ಅಲ್ಲಿಗೆ ಹೋದ ಇಬ್ಬರು ಹುಡುಗರಲ್ಲಿ ಒಬ್ಬ ಸತ್ತ, ಇನ್ನೊಬ್ಬ ಗಾಯಗೊಂಡ. ಯುದ್ಧಕಾಲದ ಒಂದು ವಿಶೇಷ ಶಾಸನದ ಕಾರಣದಿಂದ ದಾವೆ ಬಿದ್ದುಹೋಯಿತೆಂಬುದು ನಿಜ. ಆದರೆ ಅದರೊಡನೆ ಲಾರ್ಡರ ಸಭೆಯ ನ್ಯಾಯಾಧೀಶರು ಇನ್ನೊಂದು ಮಾತನ್ನೂ ಎತ್ತಿದರು. ಪ್ರತಿವಾದಿಯೆಂದು ಹೆಸರಿಸಲಾದ ಅಧಿಕಾರಿ ತಾನಾಗಿ ಯಾವ ತಪ್ಪನ್ನೂ ಮಾಡದಿರುವಾಗ, ಅವನನ್ನು ಮುಂದೆ ನಿಲ್ಲಿಸಿ ವಿಚಾರಣೆ ನಡೆಸುವುದು ಹೇಗೆ? ಮರುವರ್ಷವೇ, 1947ರಲ್ಲಿ, ಪಾರ್ಲಿಮೆಂಟು ಶಾಸನ ಮಾಡಿತು. ರಾಜಸತ್ತೆಯೂ ತನ್ನ ನೌಕರರ ತಪ್ಪಿಗೆ ಸಾಮಾನ್ಯ ಯಜಮಾನನಂತೆ ಹೊಣೆಯಾಯಿತು. ಅಮೆರಿಕದಲ್ಲೂ ಸುಮಾರು ಇದೇ ಹೊತ್ತಿಗೆ ಇಂಥದೇ ಕಾನೂನು ಬಂದಿತು. 1945ರಲ್ಲಿ ಸೈನ್ಯದ ವಿಮಾನವೊಂದು ಮಂಜಿನಲ್ಲಿ ದಾರಿ ತಪ್ಪಿ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಬಡಿದು 14 ಮಂದಿ ಸತ್ತಿದ್ದರು. 1946ರ ಶಾಸನವನ್ನು 1945ರ ಆರಂಭದಿಂದಲೇ ಅನ್ವಯಿಸುವಂತೆ ಮಾಡಿ ಆ ದುರಂತಕ್ಕೂ ದಾರಿ ತೆರೆದರು.

ಇನ್ನು ಫ್ರಾನ್ಸಿಗೆ ಬರೋಣ. 1871ರ ನವೆಂಬರಿನಲ್ಲಿ ಬೋರ್ಡೋ ನಗರದ ಬೀದಿಯಲ್ಲಿ ಆರು ವರ್ಷವೂ ತುಂಬದ ಹುಡುಗಿಯೊಬ್ಬಳು ಹೋಗುತ್ತಿದ್ದಳು. ಹೆಸರು ಆನ್ಯೆಸ್ ಬ್ಲಾಂಕೊ. ಸರ್ಕಾರಿ ತಂಬಾಕು ಕಾರ್ಖಾನೆಯ ಕೂಲಿಗಳು ತಳ್ಳುತ್ತಿದ್ದ ಬಂಡಿ ಅವಳನ್ನು ಕೆಡವಿ ಕಾಲ ಮೇಲೆ ಹಾಯಿತು, ಕಾಲನ್ನು ಕತ್ತರಿಸಬೇಕಾಯಿತು. ತಂದೆ ಸಾಮಾನ್ಯ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿದ. ಇದನ್ನು ವಿಚಾರಿಸುವ ಅಧಿಕಾರ ನಿಮಗಿಲ್ಲ ಎಂದು ಸರ್ಕಾರ ತಕರಾರೆತ್ತಿತು. ಈ ತಕರಾರಿನ ಹಿಂದೆ ಒಂದು ಇತಿಹಾಸವಿದೆ. ಹಳೆಯ ಅರಸೊತ್ತಿಗೆಯ ಕಾಲದಲ್ಲಿ ನ್ಯಾಯಾಲಯಗಳು ಆಡಳಿತಕ್ಕೆ ಅಡ್ಡಗಾಲು ಹಾಕುತ್ತಿದ್ದುದನ್ನು ಕಂಡಿದ್ದ ಕ್ರಾಂತಿಕಾರರು 1790ರಲ್ಲಿಯೇ ನ್ಯಾಯಾಧೀಶರು ಆಡಳಿತದಲ್ಲಿ ಕೈಹಾಕಕೂಡದೆಂದು ಕಾನೂನು ಮಾಡಿದ್ದರು. 1799ರಲ್ಲಿ ನೆಪೋಲಿಯನ್ ಸ್ಥಾಪಿಸಿದ ರಾಜ್ಯಮಂಡಲಿಗೆ—ಫ್ರೆಂಚರು ಅದನ್ನು ಕೊನ್ಸೇ ದೆತಾ ಎನ್ನುತ್ತಾರೆ—ಆಡಳಿತದ ಮೇಲಿನ ದೂರುಗಳು ಹೋಗುತ್ತಿದ್ದವು. ಎರಡು ಬಗೆಯ ನ್ಯಾಯಾಲಯಗಳ ನಡುವೆ ವ್ಯಾಜ್ಯ ಬಂದರೆ ತೀರ್ಮಾನಿಸಲು ಇನ್ನೊಂದು ಪೀಠವಿತ್ತು. ಬ್ಲಾಂಕೊ ಪ್ರಕರಣದಲ್ಲಿ ಆ ಪೀಠ ಸಮಸಮನಾಗಿ ಒಡೆಯಿತು. ಅಧ್ಯಕ್ಷತೆ ವಹಿಸಿದ್ದ ನ್ಯಾಯಮಂತ್ರಿ ದ್ಯೂಫೋರ್ ತಮ್ಮ ಮತ ಹಾಕಿ ಬಿಕ್ಕಟ್ಟನ್ನು ಬಿಡಿಸಿದರು.

1873ರ ಫೆಬ್ರುವರಿ 8ರಂದು ಹೊರಬಿದ್ದ ಆ ತೀರ್ಪಿನ ಸಾರಾಂಶವನ್ನು ಹೀಗೆ ಹೇಳಬಹುದು. ಸರ್ಕಾರ ಹೊಣೆಯಾಗಬಹುದು, ಆದರೆ ಆ ಹೊಣೆಯನ್ನು ಅಳೆಯುವ ಕೋಲು ಖಾಸಗಿ ವ್ಯಕ್ತಿಗಳ ಸಿವಿಲ್ ಸಂಹಿತೆಯಲ್ಲ. ಸಾರ್ವಜನಿಕ ಸೇವೆಗೆ ಅದರದೇ ನಿಯಮಗಳು. ಅದನ್ನು ಹೇಳಬೇಕಾದವು ಆಡಳಿತ ನ್ಯಾಯಾಲಯಗಳು. ಮೇಲುನೋಟಕ್ಕೆ ಇದು ಸರ್ಕಾರದ ಗೆಲುವು. ಇಂಗ್ಲೆಂಡಿನ ಡೈಸಿ ಪಂಡಿತರು 1885ರಲ್ಲಿ ತಮ್ಮ ಪ್ರಖ್ಯಾತ ಗ್ರಂಥದಲ್ಲಿ ಫ್ರಾನ್ಸಿನ ಈ ಪದ್ಧತಿಯನ್ನು ಸಂಶಯದಿಂದ ನೋಡಿದ್ದರು. ಅಧಿಕಾರಿಗೆ ಬೇರೆ ನ್ಯಾಯಾಲಯ, ಪ್ರಜೆಗೆ ಬೇರೆ ನ್ಯಾಯಾಲಯ ಎಂದರೆ ಸಮತೆ ಎಲ್ಲಿ ಉಳಿಯಿತು ಎಂಬುದು ಅವರ ಆಕ್ಷೇಪ. ಆದರೆ ನಡೆದದ್ದನ್ನು ನೋಡಿ. 1874ರಲ್ಲಿ ಅದೇ ರಾಜ್ಯಮಂಡಲಿ ಆ ಹುಡುಗಿಗೆ ಜೀವಮಾನವಿಡೀ ವರ್ಷಕ್ಕೆ 500 ಫ್ರಾಂಕುಗಳನ್ನು ಕೊಡಬೇಕೆಂದು ಆಜ್ಞೆ ಮಾಡಿತು. ಡೈಸಿಯವರ ನಾಡಿನ ಹುಡುಗಿಗೆ ಆ ಕಾಲದಲ್ಲಿ ಹೀಗಾಗಿದ್ದರೆ ಅವಳು ರಾಜಸತ್ತೆಯಿಂದ ಹಕ್ಕಾಗಿ ಒಂದು ಪೆನ್ನಿಯನ್ನೂ ಪಡೆಯುತ್ತಿರಲಿಲ್ಲ. ಸರ್ಕಾರಕ್ಕಾಗಿ ಕಟ್ಟಿದ ನ್ಯಾಯಾಲಯ ಪ್ರಜೆಯ ಪಕ್ಷಕ್ಕೆ ವಾಲಿತು. ಎಲ್ಲರೂ ಸಮಾನರೆಂದು ಹೆಮ್ಮೆಪಟ್ಟ ನ್ಯಾಯಾಲಯಗಳು ಅರಸನ ಮುಂದೆ ಮೌನ ತಾಳಿದವು. ಕಾನೂನುಗಳನ್ನು ತೂಗಿನೋಡುವವನು ಅವುಗಳ ಘೋಷಣೆಗಳನ್ನಲ್ಲ, ಫಲವನ್ನು ನೋಡಬೇಕೆಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ನನಗೆ ತಿಳಿಯದು.

ಅಲ್ಲಿಗೇ ಫ್ರೆಂಚರು ನಿಲ್ಲಲಿಲ್ಲ. 1895ರಲ್ಲಿ ಸರ್ಕಾರಿ ಆಯುಧಾಗಾರದ ಕೆಲಸಗಾರನೊಬ್ಬನ ಕೈಗೆ ಲೋಹದ ಚೂರು ಸಿಡಿದು ಊನವಾದಾಗ, ಯಾರ ತಪ್ಪೂ ಕಾಣದಿದ್ದರೂ ಪರಿಹಾರ ಕೊಡಿಸಿದರು. 1938ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಾಲಿನ ವ್ಯಾಪಾರವನ್ನು ಕಾಪಾಡಲೆಂದು ಪಾರ್ಲಿಮೆಂಟು ಮಾಡಿದ ಕಾನೂನಿನಿಂದ ಕೃತಕ ಕೆನೆ ತಯಾರಿಸುತ್ತಿದ್ದ ಒಂದು ಸಂಸ್ಥೆಯ ಬಾಳುವೆಯೇ ನಿಂತುಹೋಯಿತು. ಆ ಪದಾರ್ಥದಿಂದ ಯಾರಿಗೂ ಅಪಾಯವಿರಲಿಲ್ಲ. ಶಾಸನದಿಂದಾದ ನಷ್ಟಕ್ಕೂ ಸರ್ಕಾರ ತೆರಬೇಕೆಂದು ರಾಜ್ಯಮಂಡಲಿ ಹೇಳಿತು. ಈ ತೀರ್ಪುಗಳ ಹಿಂದಿರುವ ತತ್ತ್ವ ಸರಳವಾದುದು, ಆದರೆ ದೊಡ್ಡದು. ಆಡಳಿತದ ಫಲ ಎಲ್ಲರಿಗೂ ಸೇರುತ್ತದೆ; ಅದರ ಭಾರ ಮಾತ್ರ ಯಾರೋ ಒಬ್ಬನ ಹೆಗಲ ಮೇಲೆ ಬೀಳಬಾರದು. ಹತ್ತೂರಿಗೆ ನೀರುಣಿಸುವ ಕೆರೆಗಾಗಿ ಒಂದು ಮನೆ ಮುಳುಗಿದರೆ ಆ ಮನೆಯ ಬೆಲೆಯನ್ನು ಹತ್ತೂರೂ ಹಂಚಿಕೊಳ್ಳಬೇಕಲ್ಲವೆ?

ನಮ್ಮ ದೇಶದ ಕಥೆ ಒಂದು ಕುದುರೆಯಿಂದ ಮೊದಲಾಗುತ್ತದೆ. ಕಲಕತ್ತೆಯ ಕಿದರ್‌ಪುರದ ಸರ್ಕಾರಿ ಹಡಗುಕಟ್ಟೆಯಲ್ಲಿ ಕೂಲಿಗಳು ಭಾರವಾದ ಕಬ್ಬಿಣದ ಸಾಮಾನನ್ನು ರಸ್ತೆಯಲ್ಲಿ ಹೊತ್ತು ಸಾಗಿಸುತ್ತಿದ್ದರು. ಹಿಂದಿನಿಂದ ಜೋಡುಕುದುರೆಯ ಗಾಡಿ ಬರಲು, ಸಾಮಾನನ್ನು ಧೊಪ್ಪನೆ ಕೆಳಗೆ ಹಾಕಿ ಸರಿದರು. ಸದ್ದಿಗೆ ಬೆದರಿದ ಕುದುರೆಗಳು ನುಗ್ಗಿ ಒಂದಕ್ಕೆ ಗಾಯವಾಯಿತು. ಗಾಡಿಯ ಒಡೆಯರಾದ ಹಡಗು ಕಂಪನಿಯವರು ಕೇಳಿದ್ದು 350 ರೂಪಾಯಿ. 1861ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಬಾರ್ನ್ಸ್ ಪೀಕಾಕ್ ಅದನ್ನು ಕೊಡಿಸಿದರು. ಹಡಗು ದುರಸ್ತಿ ಯಾವ ವ್ಯಾಪಾರಿಯೂ ಮಾಡಬಹುದಾದ ಕೆಲಸ. ಅದರಲ್ಲಿ ತಪ್ಪಾದರೆ ಸರ್ಕಾರವೂ ಹೊಣೆ. ಆದರೆ ಸಾರ್ವಭೌಮ ಅಧಿಕಾರದಿಂದ ಮಾತ್ರ ಮಾಡಬಹುದಾದ ಕೆಲಸದಲ್ಲಿ ತಪ್ಪಾದರೆ ದಾವೆ ಸಲ್ಲದು. ಹೀಗೆ ಒಂದು ಗೆರೆ ಎಳೆದಾಯಿತು. ಸರ್ಕಾರದ ಮೇಲೆ ದಾವೆ ಹೂಡುವ ಹಕ್ಕು ಕಂಪನಿಯ ಕಾಲದಲ್ಲಿ ಎಷ್ಟಿತ್ತೋ ಅಷ್ಟೇ ಎಂದು ಮುಂದಿನ ಶಾಸನಗಳೆಲ್ಲ ಹೇಳುತ್ತ ಬಂದವು. ನಮ್ಮ ಸಂವಿಧಾನದ 300ನೆಯ ಅನುಚ್ಛೇದವೂ, ಶಾಸನ ಸಭೆಗಳು ಬೇರೆ ಕಾನೂನು ಮಾಡುವವರೆಗೆ, ಆ ಹಳೆಯ ಎಳೆಯನ್ನೇ ಹಿಡಿಯಿತು.

ಆ ಗೆರೆಯ ವಿಚಿತ್ರವನ್ನು ಎರಡು ಪ್ರಕರಣಗಳಿಂದ ತಿಳಿಯಬಹುದು. ಉದಯಪುರದ ಕಲೆಕ್ಟರರಿಗಾಗಿ ಇರಿಸಿದ್ದ ಸರ್ಕಾರಿ ಜೀಪನ್ನು ದುರಸ್ತಿ ಮಾಡಿಸಿ ತರುತ್ತಿದ್ದ ಚಾಲಕ ಪಾದಚಾರಿಯೊಬ್ಬನನ್ನು ಕೆಡವಿದ, ಆತ ಸತ್ತ. 1962ರಲ್ಲಿ ಸುಪ್ರೀಂ ಕೋರ್ಟು ರಾಜಸ್ಥಾನ ಸರ್ಕಾರವನ್ನು ಹೊಣೆ ಮಾಡಿತು. ಗಣರಾಜ್ಯದಲ್ಲಿ ಅರಸನ ಹಳೆಯ ವಿನಾಯಿತಿಗೆ ಎಡೆಯಿಲ್ಲವೆಂಬ ಧ್ವನಿ ಆ ತೀರ್ಪಿನಲ್ಲಿತ್ತು. ಇನ್ನೊಂದು ಪ್ರಕರಣ 1947ರ ಸೆಪ್ಟೆಂಬರಿನದು. ಅಮೃತಸರದ ವ್ಯಾಪಾರಿಯೊಬ್ಬರು ಚಿನ್ನ ಬೆಳ್ಳಿಯನ್ನು ಮಾರಲು ಮೀರತ್ತಿಗೆ ಬಂದಾಗ ಪೊಲೀಸರು ಸಂಶಯದಿಂದ ಹಿಡಿದರು. ಅವರ ಬಳಿ 103 ತೊಲಕ್ಕೂ ಮಿಕ್ಕ ಚಿನ್ನವಿತ್ತು. ಬಿಡುಗಡೆಯಾದ ಮೇಲೆ ಬೆಳ್ಳಿ ಮರಳಿ ಬಂತು, ಚಿನ್ನ ಬರಲಿಲ್ಲ. ಮಾಲಖಾನೆಯ ಉಸ್ತುವಾರಿಯಲ್ಲಿದ್ದ ಮುಖ್ಯಪೇದೆ ಅದನ್ನು ಲಪಟಾಯಿಸಿ ಪಾಕಿಸ್ತಾನಕ್ಕೆ ಓಡಿಹೋಗಿದ್ದ. ಪೊಲೀಸರ ಅಜಾಗ್ರತೆಯನ್ನು ಸುಪ್ರೀಂ ಕೋರ್ಟು ಸಂಪೂರ್ಣ ಒಪ್ಪಿತು. ಆದರೆ ಹಿಡಿಯುವುದು, ವಶಪಡಿಸಿಕೊಳ್ಳುವುದು ಸಾರ್ವಭೌಮ ಅಧಿಕಾರದ ಕೆಲಸ. ಆದುದರಿಂದ ಪರಿಹಾರವಿಲ್ಲ ಎಂದಿತು. ಇದೇ ಕಸ್ತೂರಿಲಾಲ್ ಮೊಕದ್ದಮೆ. ತೀರ್ಪು ಬರೆದ ಮುಖ್ಯ ನ್ಯಾಯಾಧೀಶ ಗಜೇಂದ್ರಗಡ್ಕರ್ ಅವರಿಗೇ ಅದು ಸಮಾಧಾನ ತರಲಿಲ್ಲ. ಶಾಸನ ಮಾಡಿ ಇದನ್ನು ಸರಿಪಡಿಸಿರೆಂದು ಅವರು ಸರ್ಕಾರಕ್ಕೆ ಸೂಚಿಸಿದರು. ಜೀಪು ಬಡಿದರೆ ಪರಿಹಾರ, ಪೇದೆ ಕದ್ದರೆ ಇಲ್ಲ! ಅಧಿಕಾರ ಹೆಚ್ಚಿದಷ್ಟೂ ಹೊಣೆ ಹೆಚ್ಚಬೇಕೆಂಬುದು ಲೋಕದ ನ್ಯಾಯ. ಇಲ್ಲಿ ಅಧಿಕಾರ ಹೆಚ್ಚಿದಷ್ಟೂ ಹೊಣೆ ಕರಗುತ್ತದೆ.

ನಮ್ಮ ನಾಡಿನದೇ ಒಂದು ಪ್ರಕರಣ ಈ ಗೋಡೆಯಲ್ಲಿ ಮೊದಲ ಬಿರುಕುಗಳಲ್ಲೊಂದನ್ನು ಮೂಡಿಸಿತು. ಆಗಿನ ಮೈಸೂರು ರಾಜ್ಯದ ಗೃಹಿಣಿಯೊಬ್ಬರ ಮನೆಯಲ್ಲಿ ಕಳುವಾದ ಒಡವೆಗಳನ್ನು ಪೊಲೀಸರು ಪತ್ತೆಹಚ್ಚಿ ವಶಕ್ಕೆ ತೆಗೆದುಕೊಂಡರು. ವಿಚಾರಣೆ ಮುಗಿಯುವುದರೊಳಗೆ ಅವು ಪೊಲೀಸ್ ಠಾಣೆಯಿಂದಲೇ ಕಳುವಾದವು. 1977ರಲ್ಲಿ ಸುಪ್ರೀಂ ಕೋರ್ಟು ಆ ಗೃಹಿಣಿಯ ಪರವಾಗಿ ನಿಂತಿತು. ನ್ಯಾಯಾಲಯಕ್ಕಾಗಿ ಕಾಪಾಡಿಕೊಂಡ ವಸ್ತುವನ್ನು ಒಡೆಯನಿಗೆ ಮರಳಿಸುವುದು ಕರ್ತವ್ಯ. ತಕ್ಕ ಎಚ್ಚರ ವಹಿಸಿದ್ದೆವೆಂದು ತೋರಿಸಲಾಗದಿದ್ದರೆ ಸರ್ಕಾರ ಬೆಲೆ ಕಟ್ಟಿಕೊಡಬೇಕು. ಕ್ರಿಮಿನಲ್ ಪ್ರಕ್ರಿಯೆಯ ನಿಯಮದ ಬಲದಿಂದ ಈ ಆಜ್ಞೆ ಹೊರಟಿತು. ಮುಂಬಾಗಿಲು ಮುಚ್ಚಿದ್ದರೂ ನ್ಯಾಯಾಲಯ ಪಕ್ಕದ ಬಾಗಿಲಿನಿಂದ ಒಡವೆಯ ಬೆಲೆಯನ್ನು ತಲಪಿಸಿತು.

ಅನಂತರ ಬಂದದ್ದು ದೊಡ್ಡ ತಿರುವು. ಬಿಹಾರದ ಸೆರೆಮನೆಯಲ್ಲಿದ್ದ ರುದುಲ್ ಸಾಹ 1968ರಲ್ಲಿಯೇ ನಿರ್ದೋಷಿಯೆಂದು ಬಿಡುಗಡೆಯ ತೀರ್ಪು ಪಡೆದಿದ್ದ. ಅವನು ನಿಜವಾಗಿ ಹೊರಬಂದದ್ದು 1982ರಲ್ಲಿ. ಹದಿನಾಲ್ಕು ವರ್ಷ! 1983ರಲ್ಲಿ ಸುಪ್ರೀಂ ಕೋರ್ಟು ಸಂವಿಧಾನದ 32ನೆಯ ಅನುಚ್ಛೇದದಡಿ ನೇರವಾಗಿ 30,000 ರೂಪಾಯಿಗಳ ಪರಿಹಾರ ವಿಧಿಸಿತು. ಸರ್ಕಾರ ಮೊದಲೇ ಕೊಟ್ಟಿದ್ದ 5,000 ಇದರ ಹೊರಗೆ. 1993ರಲ್ಲಿ ಒರಿಸ್ಸದ ತಾಯಿಯೊಬ್ಬಳು ಪೊಲೀಸರ ವಶದಲ್ಲಿದ್ದ ಮಗ ರೈಲುಹಳಿಯ ಬಳಿ ಹೆಣವಾಗಿ ಸಿಕ್ಕ ದೂರನ್ನು ತಂದಾಗ ಒಂದೂವರೆ ಲಕ್ಷ ಕೊಡಿಸುತ್ತ ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು: ಜೀವದ ಹಕ್ಕು ಮುರಿದಲ್ಲಿ ಸಾರ್ವಭೌಮತ್ವದ ಗುರಾಣಿ ನಡೆಯದು. ಕಸ್ತೂರಿಲಾಲ್ ತೀರ್ಪು ಅಂದಿನಿಂದ ಬಹುಮಟ್ಟಿಗೆ ಶಕ್ತಿಗುಂದಿದೆ.

ಹಾಗಾದರೆ ಎಲ್ಲವೂ ಸರಿಹೋಯಿತೆ? ಹೋಗಿಲ್ಲವೆಂದೇ ನನ್ನ ಮತ. ನ್ಯಾಯಾಧೀಶರು ಒಂದೊಂದೇ ಕಲ್ಲಿಟ್ಟು ದಾರಿ ಮಾಡಿದ್ದಾರೆ, ಅದು ರಾಜಮಾರ್ಗವಲ್ಲ. ಈ ಪರಿಹಾರಕ್ಕೆ ಹೈಕೋರ್ಟನ್ನೋ ಸುಪ್ರೀಂ ಕೋರ್ಟನ್ನೋ ಮುಟ್ಟಬೇಕು. ಸಂಗತಿಗಳಲ್ಲಿ ವಿವಾದವಿದ್ದರೆ ಸಿವಿಲ್ ದಾವೆಗೆ ಹೋಗೆನ್ನುತ್ತಾರೆ; ಅಲ್ಲಿ ಹಳೆಯ ಗೆರೆ ಮತ್ತೆ ಎದುರಾಗುತ್ತದೆ. ಮೊತ್ತಕ್ಕೆ ನಿಶ್ಚಿತವಾದ ಅಳತೆಯಿಲ್ಲ. ಕೊಡುವ ಹಣವೂ ತೆರಿಗೆದಾರನದೇ ಅಲ್ಲವೆ, ತಪ್ಪುಮಾಡಿದ ಅಧಿಕಾರಿಗೆ ಏನು ಶಿಕ್ಷೆ ಎಂದು ಕೇಳುಗರು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಫ್ರೆಂಚರು ಸೇವೆಯ ದೋಷವನ್ನೂ ಅಧಿಕಾರಿಯ ವೈಯಕ್ತಿಕ ದೋಷವನ್ನೂ ಬೇರ್ಪಡಿಸಿದ್ದಾರೆ. ನೊಂದವನಿಗೆ ಮೊದಲು ಖಜಾನೆಯಿಂದ ಹಣ ಸಿಗಲಿ. ದೋಷ ಅಧಿಕಾರಿಯ ಸ್ವಂತದ್ದಾದರೆ ಖಜಾನೆ ಅವನಿಂದ ವಸೂಲು ಮಾಡಲಿ. ಕಾಲು ಕಳೆದುಕೊಂಡ ಹುಡುಗಿ ಆ ಲೆಕ್ಕ ಮುಗಿಯುವವರೆಗೆ ಕಾಯಬೇಕಿಲ್ಲ.

ಇದೆಲ್ಲ ಪರದೇಶದ ವಿಚಾರವೆಂದು ತಳ್ಳಿಹಾಕುವಂತಿಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಮಿತಾಕ್ಷರವೆಂಬ ವ್ಯಾಖ್ಯಾನ ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಗೆ. ಕಳ್ಳರು ಕದ್ದ ಒಡವೆಯನ್ನು ಅರಸನು ಪ್ರಜೆಗೆ ಮರಳಿಸತಕ್ಕದ್ದೆಂದು ಆ ಸ್ಮೃತಿ ವಿಧಿಸುತ್ತದೆ. ಸಿಗದಿದ್ದರೆ ತನ್ನ ಬೊಕ್ಕಸದಿಂದ ಕೊಡಲಿ ಎಂಬುದು ಗೌತಮ ಧರ್ಮಸೂತ್ರದ ಮಾತು. ಕಳ್ಳ ಕದ್ದುದಕ್ಕೇ ಈ ನಿಯಮವಾದರೆ ಕಾವಲುಗಾರನೇ ಕದ್ದರೆ ಹೇಳಬೇಕಾದುದೇನು? ಇದರಿಂದ ನಮ್ಮವರಿಗೆ ಹಿಂದೆಯೇ ಎಲ್ಲವೂ ತಿಳಿದಿತ್ತೆಂದು ಬೀಗುವುದು ಬೇಡ. ಕೊಡದ ಅರಸನಿಗೆ ಪಾಪ ತಟ್ಟುತ್ತಿತ್ತು, ಅಷ್ಟೆ; ಅವನಿಂದ ಕೊಡಿಸುವ ನ್ಯಾಯಪೀಠವಿರಲಿಲ್ಲ. ಪಾಪಭೀತಿಯನ್ನು ನಂಬಿ ಖಜಾನೆಯ ಕೀಲಿಯನ್ನು ಒಪ್ಪಿಸಲಾಗದೆಂದೇ ಸಂವಿಧಾನಗಳು ಹುಟ್ಟಿದುವು.

ನಮ್ಮ ಮೊದಲ ಕಾನೂನು ಆಯೋಗ ತನ್ನ ಮೊಟ್ಟಮೊದಲ ವರದಿಯನ್ನು ಬರೆದದ್ದು ಈ ವಿಷಯವನ್ನು ಕುರಿತೇ, 1956ರಲ್ಲಿ. ಸರ್ಕಾರದ ಹೊಣೆಯನ್ನು ಶಾಸನದಿಂದ ನಿಗದಿ ಮಾಡಬೇಕೆಂದು ಅದು ಸಲಹೆ ಮಾಡಿತು. 1960ರ ದಶಕದಲ್ಲಿ ಮಸೂದೆಗಳು ಲೋಕಸಭೆಯವರೆಗೆ ಬಂದು ಬಿದ್ದುಹೋದವು. ಇಂಗ್ಲೆಂಡಿನ ಅರಸೊತ್ತಿಗೆ 1947ರಲ್ಲಿ ತಲೆಬಾಗಿ ಒಪ್ಪಿದ ಹೊಣೆಯನ್ನು ಅದೇ ವರ್ಷ ಸ್ವತಂತ್ರವಾದ ನಮ್ಮ ದೇಶ ಇನ್ನೂ ಶಾಸನವಾಗಿ ಬರೆದಿಲ್ಲ. 300ನೆಯ ಅನುಚ್ಛೇದ ಬಿಟ್ಟಿರುವ ಜಾಗ ಖಾಲಿಯಾಗಿಯೇ ಇದೆ. ಅದನ್ನು ತುಂಬಬೇಕಾದವರು ನ್ಯಾಯಾಧೀಶರಲ್ಲ, ನಾವು ಆರಿಸಿ ಕಳುಹಿಸುವವರು. ಹಾಗೆ ಕೇಳಬೇಕಾದವರು ನಾವು.