ಹಿಮರೇಖೆ: ಗ್ರಹಜನನದಲ್ಲಿ ಮಂಜು ಮತ್ತು ಆವಿಗಳ ಎಲ್ಲೆ

ನೀರಿಗೆ ಘನ, ದ್ರವ, ಆವಿ ಎಂಬ ಮೂರು ಅವಸ್ಥೆಗಳುಂಟೆಂಬುದು ಪ್ರಾಥಮಿಕ ಶಾಲೆಯ ಬಾಲಕರಿಗೂ ವಿದಿತವಾದ ಸಂಗತಿ. ಆದರೆ ಈ ಮೂರರಲ್ಲಿ ನಡುವಣದಾದ ದ್ರವಾವಸ್ಥೆ ಎಲ್ಲೆಡೆಯಲ್ಲಿಯೂ ಸುಲಭವಾಗಿ ದೊರೆಯತಕ್ಕದ್ದಲ್ಲ. ಅದು ನಿಲ್ಲಬೇಕಾದರೆ ತಕ್ಕ ಉಷ್ಣತೆಯೊಂದಿಗೆ ತಕ್ಕ ಒತ್ತಡವೂ ಇರಬೇಕು. ಸಮುದ್ರಮಟ್ಟದ ವಾಯುಭಾರದ ೧೬೬ರಲ್ಲಿ ಒಂದಂಶಕ್ಕಿಂತ ಒತ್ತಡ ಕಡಿಮೆಯಾದರೆ ಶುದ್ಧ ನೀರು ದ್ರವವಾಗಿ ಉಳಿಯಲಾರದು. ಎಳೆಯ ನಕ್ಷತ್ರಗಳ ಸುತ್ತ ಗ್ರಹಗಳು ಮೈದಾಳುವ ಎಡೆಗಳಲ್ಲಿ ಒತ್ತಡ ಇದಕ್ಕಿಂತಲೂ ಬಹಳ ಕಡಿಮೆ. ಅಲ್ಲಿ ಮಂಜುಗಡ್ಡೆ ಕರಗುವುದೆಂಬುದೇ ಇಲ್ಲ; ಡಬ್ಬಿಯಲ್ಲಿಟ್ಟ ಕರ್ಪೂರ ತೇವಗೊಳ್ಳದೆಯೇ ಸವೆದು ಹೋಗುವಂತೆ, ಅದು ನೇರವಾಗಿ ಆವಿಯಾಗುತ್ತದೆ. ಆವಿಯು ಶೈತ್ಯಕ್ಕೆ ಸಿಲುಕಿದಾಗ ನೇರವಾಗಿ ಮಂಜಾಗಿ ಕೂಡುತ್ತದೆ.

ಈ ಎರಡು ಅವಸ್ಥೆಗಳ ನಡುವಣ ಎಲ್ಲೆಗೆ ಖಗೋಳ ವಿಜ್ಞಾನದಲ್ಲಿ ಹಿಮರೇಖೆಯೆಂದು ಹೆಸರು. ಹಿಮಾಲಯದಂತಹ ಪರ್ವತಗಳಲ್ಲಿ ವರ್ಷವಿಡೀ ಹಿಮ ನಿಲ್ಲುವ ಎತ್ತರಕ್ಕೂ ಇದೇ ಹೆಸರುಂಟು. ಅಲ್ಲಿ ನೆಲದಿಂದ ಮೇಲಕ್ಕೆ ಅಳೆಯುವುದನ್ನು ಇಲ್ಲಿ ನಕ್ಷತ್ರದಿಂದ ಹೊರಕ್ಕೆ ಅಳೆಯುತ್ತಾರೆ, ಭೇದ ಇಷ್ಟೇ. ಗುರುಗ್ರಹ ಅಷ್ಟೊಂದು ಬೃಹತ್ತಾದುದೇಕೆ, ಭೂಮಿ ಇಷ್ಟು ಕಿರಿದೇಕೆ, ಭೂಮಿಗೆ ಕಡಲುಗಳು ಎಲ್ಲಿಂದ ಒದಗಿದವು ಎಂಬ ಪ್ರಶ್ನೆಗಳೆಲ್ಲವೂ ಈ ಒಂದು ಎಲ್ಲೆಯ ನಡವಳಿಕೆಯನ್ನು ಆಶ್ರಯಿಸಿ ನಿಂತಿವೆ.

ತಟ್ಟೆಯ ಸ್ವರೂಪ

ಸೂರ್ಯನೂ ಗ್ರಹಗಳೂ ಒಂದೇ ಮೂಲದಿಂದ ಉದಿಸಿದವೆಂಬ ವಿಚಾರ ಹೊಸದಲ್ಲ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ ೧೭೫೫ರಲ್ಲಿಯೂ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ೧೭೯೬ರಲ್ಲಿಯೂ ಇದನ್ನು ಮಂಡಿಸಿದ್ದರು. ಅನಿಲ ಮತ್ತು ಧೂಳಿನಿಂದ ಕೂಡಿದ ಮೇಘವೊಂದು ತನ್ನ ಭಾರದಿಂದಲೇ ಕುಸಿಯುತ್ತದೆ; ಕುಸಿದಂತೆಲ್ಲ ಅದರ ಪರಿಭ್ರಮಣ ಚುರುಕಾಗುತ್ತದೆ. ನಡುವೆ ನಕ್ಷತ್ರ ರೂಪುಗೊಂಡರೆ, ಅದರ ಸುತ್ತ ಉಳಿದ ದ್ರವ್ಯ ಚಪ್ಪಟೆಯಾದ ತಟ್ಟೆಯಾಗಿ ಹರಡುತ್ತದೆ. ಸೂರ್ಯನ ಸುತ್ತ ಇಂತಹ ತಟ್ಟೆಯಿದ್ದದ್ದು ಸುಮಾರು ೪೫೭ ಕೋಟಿ ವರ್ಷಗಳ ಹಿಂದೆ. ಆ ತಟ್ಟೆಯ ತೂಕದ ೧೦೦ ಪಾಲಿನಲ್ಲಿ ಹೆಚ್ಚುಕಡಿಮೆ ೯೯ ಪಾಲು ಅನಿಲವೇ. ಉಳಿದ ಒಂದು ಪಾಲು ಮಾತ್ರ ಧೂಳು ಮತ್ತು ಮಂಜು. ಅನಿಲವು ಕೆಲವು ದಶಲಕ್ಷ ವರ್ಷಗಳಲ್ಲಿ ಚದುರಿಹೋಗುತ್ತದೆ. ಗ್ರಹಗಳ ಕಟ್ಟಡಕ್ಕೆ ದೊರೆಯುವ ಅವಧಿ ಇಷ್ಟೇ, ಸಾಮಗ್ರಿಯೂ ಇಷ್ಟೇ ಎಂಬುದನ್ನು ಇಲ್ಲಿ ಗಮನದಲ್ಲಿಡಬೇಕು.

ಎಲ್ಲೆಯ ಸ್ಥಾನ

ನಕ್ಷತ್ರದಿಂದ ದೂರ ಸರಿದಂತೆ ತಟ್ಟೆಯ ಉಷ್ಣತೆ ಇಳಿಯುತ್ತದೆ. ನೀರಿನ ಆವಿ ಮಂಜಾಗುವುದು ಅಲ್ಲಿ ಸೊನ್ನೆ ಡಿಗ್ರಿಯಲ್ಲಲ್ಲ. ಒತ್ತಡ ಅತ್ಯಲ್ಪವಾದುದರಿಂದ ಸೊನ್ನೆಗಿಂತ ೧೦೦ರಿಂದ ೧೨೦ ಡಿಗ್ರಿ ಸೆಂಟಿಗ್ರೇಡಿನಷ್ಟು ಕೆಳಗೆ. ಜಪಾನಿನ ವಿಜ್ಞಾನಿ ಚುಶಿರೊ ಹಯಾಶಿ ೧೯೮೧ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗಣನೆಯ ಪ್ರಕಾರ, ಸೂರ್ಯನ ತಟ್ಟೆಯಲ್ಲಿ ಈ ಸ್ಥಾನ ಭೂಮಿ ಮತ್ತು ಸೂರ್ಯರ ಅಂತರದ ೨.೭ ಪಟ್ಟು ದೂರದಲ್ಲಿತ್ತು; ಎಂದರೆ ಸುಮಾರು ೪೦ ಕೋಟಿ ಕಿಲೋಮೀಟರು. ಇಂದು ಆ ದೂರದಲ್ಲಿರುವುದು ಮಂಗಳ ಮತ್ತು ಗುರುಗಳ ನಡುವಣ ಕ್ಷುದ್ರಗ್ರಹಗಳ ವಲಯ.

ಎಲ್ಲೆಯಾದರೂ ಒಂದೇ ಅಲ್ಲ. ಒಂದೊಂದು ವಸ್ತುವಿಗೂ ತನ್ನದೇ ಆದ ಹಿಮರೇಖೆಯುಂಟು. ಇಂಗಾಲದ ಡೈಆಕ್ಸೈಡು ಸೊನ್ನೆಗಿಂತ ಸುಮಾರು ೨೦೦ ಡಿಗ್ರಿ ಕೆಳಗೆ ಹೆಪ್ಪುಗಟ್ಟಿದರೆ, ಇಂಗಾಲದ ಮಾನಾಕ್ಸೈಡು ಸುಮಾರು ೨೫೦ ಡಿಗ್ರಿ ಕೆಳಗೆ ಇಳಿಯುವವರೆಗೆ ಆವಿಯಾಗಿಯೇ ಇರುತ್ತದೆ. ಹೀಗೆ ನಕ್ಷತ್ರವನ್ನು ಸುತ್ತುವರಿದು, ಕೋಟೆಯ ಸುತ್ತುಗಳಂತೆ, ಒಂದರಾಚೆಗೊಂದು ಎಲ್ಲೆಗಳಿರುತ್ತವೆ. ಇವುಗಳಲ್ಲಿ ನೀರಿನದು ಮುಖ್ಯ. ಏಕೆಂದರೆ ಮಂಜಾಗತಕ್ಕ ವಸ್ತುಗಳಲ್ಲಿ ನೀರೇ ಅಧಿಕ. ಹಯಾಶಿಯವರ ಲೆಕ್ಕದಲ್ಲಿ ನೀರಿನ ಹಿಮರೇಖೆಯನ್ನು ದಾಟಿದೊಡನೆ ಘನದ್ರವ್ಯ ನಾಲ್ಕು ಪಟ್ಟಿಗೂ ಮಿಗಿಲಾಗುತ್ತಿತ್ತು. ಅನಂತರದ ಲೆಕ್ಕಗಳು ಇದನ್ನು ಎರಡು ಪಟ್ಟಿನ ಆಸುಪಾಸಿಗೆ ತಂದಿವೆ. ಎರಡು ಪಟ್ಟೆಂಬುದೂ ಸಾಮಾನ್ಯವಲ್ಲ. ಎಲ್ಲೆಯಾಚೆ ಹೇರಳ ಸಾಮಗ್ರಿ ದೊರೆತದ್ದರಿಂದ ಗುರುವಿನ ತಿರುಳು ಬೇಗನೆ ಬೆಳೆದು, ಅನಿಲ ಚದುರುವುದಕ್ಕೆ ಮುಂಚೆಯೇ ಅದನ್ನು ತನ್ನೆಡೆಗೆ ಸೆಳೆದುಕೊಂಡಿತು. ಎಲ್ಲೆಯೀಚೆ ಕಲ್ಲು ಮತ್ತು ಲೋಹಗಳಿಂದಾದ ಬುಧ, ಶುಕ್ರ, ಭೂಮಿ, ಮಂಗಳಗಳು ಕಿರಿಯವಾಗಿಯೇ ಉಳಿದವು.

ಎದುರುಗಾಳಿಯ ಪರಿಣಾಮ

ಇಷ್ಟನ್ನು ಕೇಳಿದವರಿಗೆ ಹಿಮರೇಖೆಯೆಂದರೆ ಕಲ್ಲಿನ ಗೋಡೆಯಂತೆ ಅಚಲವಾದುದೆಂದು ತೋರಬಹುದು. ವಸ್ತುಸ್ಥಿತಿ ಹಾಗಲ್ಲ. ಅದು ಹಗಲಿರುಳು ಸಂಚಾರವುಳ್ಳ ಹೆದ್ದಾರಿಯ ಸುಂಕದಕಟ್ಟೆಗೆ ಸಮಾನವಾದುದು. ಸಂಚಾರದ ಕಾರಣ ಹೀಗಿದೆ. ತಟ್ಟೆಯ ಅನಿಲಕ್ಕೆ ತನ್ನದೇ ಒತ್ತಡದ ಆಸರೆಯಿರುವುದರಿಂದ ಅದು ನಕ್ಷತ್ರವನ್ನು ಸ್ವಲ್ಪ ನಿಧಾನವಾಗಿ ಸುತ್ತುತ್ತದೆ. ಘನಕಣಗಳಿಗೆ ಆ ಆಸರೆಯಿಲ್ಲ. ಅವು ಅನಿಲಕ್ಕಿಂತ ವೇಗವಾಗಿ ಸುತ್ತಬೇಕಾಗುತ್ತದೆ. ಆದುದರಿಂದ ಅವುಗಳಿಗೆ ಸದಾ ಎದುರುಗಾಳಿ. ಎದುರುಗಾಳಿಯಲ್ಲಿ ಚಲನೆಯ ಬಲವನ್ನು ಕಳೆದುಕೊಂಡ ಕಣ ಸುರುಳಿ ಸುರುಳಿಯಾಗಿ ನಕ್ಷತ್ರದೆಡೆಗೆ ಜಾರುತ್ತದೆ.

ಈ ತತ್ತ್ವವನ್ನು ಅಮೆರಿಕದ ವೈಡೆನ್‌ಷಿಲ್ಲಿಂಗ್ ಎಂಬ ವಿಜ್ಞಾನಿ ೧೯೭೭ರಲ್ಲಿ ವಿಶದವಾಗಿ ಗಣಿಸಿ ತೋರಿಸಿದರು. ಅತಿ ಸೂಕ್ಷ್ಮವಾದ ಧೂಳು ಅನಿಲದೊಡನೆಯೇ ತೇಲುತ್ತದೆ. ಬೆಟ್ಟದಂತಹ ಬಂಡೆ ಗಾಳಿಯನ್ನು ಲೆಕ್ಕಿಸುವುದಿಲ್ಲ. ಕಷ್ಟವೆಲ್ಲ ನಡುವಣ ಗಾತ್ರದವಕ್ಕೆ. ಭೂಮಿಯಿರುವ ದೂರದಲ್ಲಿ ಒಂದು ಮೀಟರು ಗಾತ್ರದ ಗುಂಡು ನೂರಾರು ವರ್ಷಗಳಲ್ಲಿಯೇ ಸೂರ್ಯನೆಡೆಗೆ ಜಾರಿಬಿಡಬಲ್ಲುದು. ತಟ್ಟೆಯ ಆಯುಷ್ಯದ ಮುಂದೆ ಇದು ಕ್ಷಣಮಾತ್ರ. ಹೀಗಿರುವಲ್ಲಿ ಧೂಳು ಬೆಳೆದು ಗ್ರಹವಾಗುವುದೆಂತು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವ ಎಡೆಗಳಲ್ಲಿ ಹಿಮರೇಖೆಯೂ ಒಂದು.

ಸುಂಕದಕಟ್ಟೆಯ ವ್ಯವಹಾರ

ಹೊರಗಿನಿಂದ ಜಾರಿ ಬಂದ ಮಂಜಿನ ಹರಳುಗಳು ಎಲ್ಲೆಯನ್ನು ದಾಟಿದಾಗ ಅವುಗಳ ಮಂಜು ಆವಿಯಾಗುತ್ತದೆ. ಒಳಗೆ ಹುದುಗಿದ್ದ ಕಲ್ಲಿನ ಧೂಳು ಬಿಡಿಬಿಡಿಯಾಗಿ ಉದುರುತ್ತದೆ. ಆವಿಯ ಒಂದು ಭಾಗ ಅನಿಲದೊಡನೆ ನಕ್ಷತ್ರದತ್ತ ಸಾಗುತ್ತದೆ. ಇನ್ನೊಂದು ಭಾಗ, ಸುವಾಸನೆ ಕೋಣೆಯಿಂದ ಕೋಣೆಗೆ ಹರಡುವಂತೆ, ಹಿಮ್ಮುಖವಾಗಿ ಹರಡಿ ಎಲ್ಲೆಯಾಚೆಯ ಚಳಿಯನ್ನು ಸೇರಿ ಅಲ್ಲಿನ ಕಣಗಳ ಮೇಲೆ ಮತ್ತೆ ಮಂಜಾಗಿ ಕೂಡುತ್ತದೆ. ೧೯೮೮ರಲ್ಲಿ ಸ್ಟೀವನ್ಸನ್ ಮತ್ತು ಲುನೈನ್ ಎಂಬ ವಿಜ್ಞಾನಿಗಳು ಈ ಮಾರ್ಗವನ್ನು ವಿವರಿಸಿ, ಗುರುವಿನ ಶೀಘ್ರ ಬೆಳವಣಿಗೆಗೆ ಇದು ಕಾರಣವಾಗಿರಬಹುದೆಂದು ಸೂಚಿಸಿದರು.

ಶಾಲೆಯ ಪ್ರಯೋಗಾಲಯದಲ್ಲಿ ಇದರ ಚಿಕ್ಕ ಪ್ರತಿರೂಪವನ್ನು ಕಾಣಬಹುದು. ಪಿಂಗಾಣಿಯ ಬಟ್ಟಲಿನಲ್ಲಿ ಕರ್ಪೂರವನ್ನಿಟ್ಟು, ಮೇಲೆ ಗಾಜಿನ ಆಲಿಕೆಯನ್ನು ಬೋರಲು ಹಾಕಿ ಮೆಲ್ಲನೆ ಕಾಯಿಸಿದರೆ, ಬಟ್ಟಲಿನಿಂದ ಮಾಯವಾದ ಕರ್ಪೂರ ಆಲಿಕೆಯ ತಣ್ಣನೆಯ ಮೈಗೆ ಬಿಳಿಯ ಪುಡಿಯಾಗಿ ಅಂಟುತ್ತದೆ. ಬಟ್ಟಲೇ ಎಲ್ಲೆಯೀಚೆಯ ಬೆಚ್ಚನೆಯ ಸೀಮೆ, ಆಲಿಕೆಯೇ ಆಚೆಯ ಶೀತಸೀಮೆ.

ಈ ಹೋಗಿಬರುವಿಕೆಯಿಂದ ಎಲ್ಲೆಯ ಹೊರಮಗ್ಗುಲಲ್ಲಿ ಮಂಜಿನ ಹರಳುಗಳು ದಟ್ಟೈಸುತ್ತವೆ. ಸುಂಕದಕಟ್ಟೆಯ ಬಳಿ ಬಂಡಿಗಳು ಸಾಲುಗಟ್ಟುವಂತೆ. ದಟ್ಟಣೆ ಒಂದು ಮಿತಿಯನ್ನು ಮೀರಿದರೆ ಹರಳುಗಳ ರಾಶಿ ತನ್ನ ಗುರುತ್ವದಿಂದಲೇ ಒಗ್ಗೂಡಿ, ಗಾಳಿಗೆ ಜಗ್ಗದ ದೊಡ್ಡ ಪಿಂಡಗಳಾಗಬಲ್ಲುದು. ಗ್ರಹಗಳ ಮೊದಲ ಇಟ್ಟಿಗೆಗಳು ಇಂತಹವೇ ಎಂಬುದು ಅನೇಕ ವಿಜ್ಞಾನಿಗಳ ಅಭಿಮತ.

ಕಣ್ಣಿಗೆ ಕಂಡ ಸಾಕ್ಷ್ಯ

ಬಹುಕಾಲ ಇದೆಲ್ಲವೂ ಲೆಕ್ಕದ ಹಾಳೆಗಳ ಮೇಲಿನ ಮಾತಾಗಿತ್ತು. ದಕ್ಷಿಣ ಅಮೆರಿಕದ ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ, ೫,೦೦೦ ಮೀಟರು ಎತ್ತರದ ಪ್ರಸ್ಥಭೂಮಿಯ ಮೇಲೆ, ೬೬ ಆಂಟೆನಾಗಳ ಆಲ್ಮಾ ಎಂಬ ರೇಡಿಯೊ ದೂರದರ್ಶಕ ಸಿದ್ಧವಾದ ಮೇಲೆ ಸ್ಥಿತಿ ಬದಲಾಯಿತು. ೨೦೧೩ರಲ್ಲಿ ಅದರ ನೆರವಿನಿಂದ, ಸುಮಾರು ೨೦೦ ಜ್ಯೋತಿರ್ವರ್ಷ ದೂರದ ಟಿ.ಡಬ್ಲ್ಯೂ. ಹೈಡ್ರೇ ಎಂಬ ಎಳೆಯ ನಕ್ಷತ್ರದ ತಟ್ಟೆಯಲ್ಲಿ ಇಂಗಾಲದ ಮಾನಾಕ್ಸೈಡಿನ ಹಿಮರೇಖೆ ಗೋಚರಿಸಿತು. ಎರಡು ಸಾರಜನಕ ಪರಮಾಣುಗಳೂ ಒಂದು ಜಲಜನಕ ಪರಮಾಣುವೂ ಕೂಡಿದ, ಧನವಿದ್ಯುದಂಶವುಳ್ಳ ಒಂದು ಅಣುವಿದೆ. ಮಾನಾಕ್ಸೈಡಿನ ಆವಿ ಇದನ್ನು ಉಳಿಯಗೊಡದು. ಈ ಅಣು ಎಲ್ಲಿ ಉಳಿದಿದೆಯೋ ಅಲ್ಲಿ ಮಾನಾಕ್ಸೈಡು ಹೆಪ್ಪುಗಟ್ಟಿದೆಯೆಂದೇ ಅರ್ಥ. ಆಲ್ಮಾ ಕಂಡದ್ದು ಆ ಅಣುವಿನ ಉಂಗುರವನ್ನು. ಉಂಗುರದ ಒಳ ಅಂಚು ಭೂಮಿ-ಸೂರ್ಯರ ಅಂತರದ ಸುಮಾರು ೩೦ ಪಟ್ಟಿನಲ್ಲಿತ್ತು. ಸೂರ್ಯನಿಂದ ನೆಪ್ಚೂನಿಗಿರುವ ದೂರವೂ ಹೆಚ್ಚುಕಡಿಮೆ ಅಷ್ಟೇ.

ನೀರಿನ ಹಿಮರೇಖೆ ನಕ್ಷತ್ರಕ್ಕೆ ತೀರ ಹತ್ತಿರವಿರುವುದರಿಂದ ಅದನ್ನು ಕಾಣುವುದು ಕಷ್ಟತರ. ಆದರೆ ಮಹಾವ್ಯಾಧ ಪುಂಜದ ದಿಕ್ಕಿನಲ್ಲಿ ಸುಮಾರು ೧,೩೦೦ ಜ್ಯೋತಿರ್ವರ್ಷ ದೂರದಲ್ಲಿರುವ ವಿ ೮೮೩ ಒರಾಯನಿಸ್ ಎಂಬ ನಕ್ಷತ್ರ ಉಲ್ಬಣಗೊಂಡು ಪ್ರಕಾಶಿಸುತ್ತಿದೆ. ಆ ತಾಪಕ್ಕೆ ಅದರ ಹಿಮರೇಖೆ ಬಹುದೂರ ಹೊರಕ್ಕೆ ಸರಿದಿದೆ. ೨೦೧೬ರಲ್ಲಿ ಧೂಳಿನ ಪ್ರಭೆಯ ವ್ಯತ್ಯಾಸದಿಂದ ಅದನ್ನು ಸುಮಾರು ೪೦ ಪಟ್ಟು ದೂರದಲ್ಲಿ ಅಂದಾಜು ಮಾಡಲಾಯಿತು; ೨೦೨೩ರಲ್ಲಿ ನೀರಿನ ಆವಿಯನ್ನೇ ಗುರುತಿಸಿದಾಗ ಅದು ೮೦ ಪಟ್ಟಿನ ಆಸುಪಾಸಿನಲ್ಲಿದೆಯೆಂದು ತೋರಿಬಂದಿತು. ಎಲ್ಲೆ ಸರಿಯುತ್ತದೆಂಬುದಕ್ಕೆ ಇದಕ್ಕಿಂತ ಪ್ರಬಲ ನಿದರ್ಶನ ಬೇಡ.

ಹರಳುಗಳ ಜಾರುವಿಕೆಗೂ ಸಾಕ್ಷ್ಯ ದೊರೆತಿದೆ. ೨೦೨೧ರ ಡಿಸೆಂಬರಿನಲ್ಲಿ ಗಗನಕ್ಕೇರಿದ ಜೇಮ್ಸ್ ವೆಬ್ ದೂರದರ್ಶಕ ವೃಷಭರಾಶಿಯ ದಿಕ್ಕಿನ ನಾಲ್ಕು ತಟ್ಟೆಗಳನ್ನು ಪರಿಶೀಲಿಸಿತು. ಫಲಿತಾಂಶ ೨೦೨೩ರಲ್ಲಿ ಪ್ರಕಟವಾಯಿತು. ಅಡೆತಡೆಯ ಉಂಗುರಗಳಿರುವ ವಿಶಾಲ ತಟ್ಟೆಗಳಿಗಿಂತ, ಹರಳುಗಳು ನಿರಾತಂಕವಾಗಿ ಒಳಜಾರಬಲ್ಲ ಕಿರಿಯ ತಟ್ಟೆಗಳಲ್ಲಿ ಹಿಮರೇಖೆಯ ಸಮೀಪದ ತಣ್ಣನೆಯ ನೀರಾವಿ ಅಧಿಕವಾಗಿತ್ತು. ಮಂಜನ್ನು ಹೊತ್ತು ತಂದ ಹರಳುಗಳು ಎಲ್ಲೆಯಲ್ಲಿ ಅದನ್ನು ಇಳಿಸಿದ ಗುರುತು ಅದು.

ಸರಿಯುವ ಎಲ್ಲೆ, ಒಣಗಿದ ಭೂಮಿ

ಸೂರ್ಯನ ತಟ್ಟೆಯಲ್ಲಿಯೂ ಎಲ್ಲೆ ಒಂದೆಡೆ ನಿಂತಿರಲಿಲ್ಲ. ಮೊದಮೊದಲು ಅನಿಲ ರಭಸದಿಂದ ಒಳಹರಿಯುತ್ತಿದ್ದು, ಆ ಹರಿವಿನ ಘರ್ಷಣೆಯಿಂದಲೇ ತಟ್ಟೆ ಕಾಯುತ್ತಿತ್ತು. ಆಗ ಎಲ್ಲೆ ದೂರದಲ್ಲಿತ್ತು. ಹರಿವು ತಗ್ಗಿದಂತೆ ತಟ್ಟೆ ತಣಿದು ಎಲ್ಲೆ ಒಳಸರಿಯಿತು. ತಟ್ಟೆ ಚದುರುವ ಮುನ್ನ ಅದು ಭೂಮಿಯ ಕಕ್ಷೆಯವರೆಗೂ ಬಂದಿರಬೇಕೆಂದು ಹಲವು ಗಣನೆಗಳು ಹೇಳುತ್ತವೆ. ಹಾಗಾದರೆ ಭೂಮಿ ಮಂಜಿನಿಂದ ತುಂಬಿರಬೇಕಿತ್ತು. ಆದರೆ ಎಲ್ಲ ಕಡಲುಗಳ ನೀರನ್ನು ಕೂಡಿಸಿದರೂ ಅದು ಭೂಮಿಯ ತೂಕದ ಸುಮಾರು ೪,೦೦೦ ಪಾಲಿನಲ್ಲಿ ಒಂದು ಪಾಲು ಮಾತ್ರ!

ಈ ವಿರೋಧಾಭಾಸಕ್ಕೆ ೨೦೧೬ರಲ್ಲಿ ಮೊರ್ಬಿಡೆಲ್ಲಿ ಮತ್ತು ಸಹೋದ್ಯೋಗಿಗಳು ಒಂದು ಪರಿಹಾರವನ್ನು ಮುಂದಿಟ್ಟರು. ಎಲ್ಲೆ ಒಳಬಂದ ಮಾತ್ರಕ್ಕೆ ಮಂಜು ಬಂದಂತಾಗಲಿಲ್ಲ. ಒಳಗಿನ ಆವಿ ಆಗಲೇ ಸೂರ್ಯನನ್ನು ಸೇರಿತ್ತು. ಹೊಸ ಮಂಜು ಹೊರಗಿನ ಹರಳುಗಳೊಡನೆಯೇ ಬರಬೇಕಿತ್ತು. ಆ ವೇಳೆಗೆ ಗುರು ಭೂಮಿಯ ಸುಮಾರು ೨೦ ಪಟ್ಟು ತೂಕಕ್ಕೆ ಬೆಳೆದು, ಹೊಳೆಗೆ ಒಡ್ಡು ಕಟ್ಟಿದಂತೆ ಹರಳುಗಳ ಹರಿವನ್ನು ತಡೆದಿತ್ತೆಂಬುದು ಅವರ ವಾದ. ಈ ವಾದದಂತೆ ಭೂಮಿ ಮಂಜಿನ ಗೋಳವಾಗದೆ ನೆಲವೂ ಕಡಲೂ ಉಳ್ಳ ಲೋಕವಾದದ್ದು ಗುರುವಿನ ಒಡ್ಡಿನಿಂದ.

ಹಾಗಾದರೆ ಇರುವ ಈ ಅಲ್ಪ ನೀರಾದರೂ ಎಲ್ಲಿಯದು? ಈ ವಿಷಯದಲ್ಲಿ ಎರಡು ಪಕ್ಷಗಳುಂಟು. ತೂಕದಲ್ಲಿ ಶೇಕಡಾ ೧೦ರವರೆಗೂ ನೀರನ್ನು ಖನಿಜಗಳಲ್ಲಿ ಬಂಧಿಸಿಟ್ಟುಕೊಂಡಿರುವ ಇಂಗಾಲಯುತ ಉಲ್ಕಾಶಿಲೆಗಳಿವೆ. ಎಲ್ಲೆಯಾಚೆ ರೂಪುಗೊಂಡ ಅಂತಹ ಪಿಂಡಗಳು ಬೆಳೆಯುತ್ತಿದ್ದ ಭೂಮಿಗೆ ಅಪ್ಪಳಿಸಿ ನೀರು ತಂದವೆಂಬುದು ಒಂದು ಪಕ್ಷ. ಅವುಗಳ ನೀರಿನಲ್ಲಿ ಭಾರಜಲಜನಕದ ಪ್ರಮಾಣ ಕಡಲಿನ ನೀರಿಗೆ ಹತ್ತಿರವಾಗಿರುವುದು ಇದಕ್ಕೆ ಆಧಾರ. ೬೭ಪಿ ಎಂಬ ಧೂಮಕೇತುವಿನಲ್ಲಾದರೋ ಆ ಪ್ರಮಾಣ ಕಡಲಿನದಕ್ಕಿಂತ ಮೂರು ಪಟ್ಟಿಗೂ ಮಿಗಿಲೆಂದು ರೊಸೆಟ್ಟಾ ನೌಕೆ ೨೦೧೪ರಲ್ಲಿ ಅಳೆಯಿತು. ಎಲ್ಲೆಯೀಚೆಯ ಒಣಶಿಲೆಗಳಲ್ಲಿಯೇ ಸಾಕಷ್ಟು ಜಲಜನಕ ಅಡಗಿತ್ತೆಂಬುದು ಎರಡನೆಯ ಪಕ್ಷ. ಎನ್‌ಸ್ಟಟೈಟ್ ಉಲ್ಕಾಶಿಲೆಗಳನ್ನು ಕುರಿತು ೨೦೨೦ರಲ್ಲಿ ಪ್ರಕಟವಾದ ಪರೀಕ್ಷೆಗಳು ಇದಕ್ಕೆ ಬಲ ನೀಡಿವೆ.

ವಿ ೮೮೩ ಒರಾಯನಿಸ್ ತಟ್ಟೆಯ ನೀರಿನಲ್ಲಿ ಕಂಡ ಭಾರಜಲಜನಕದ ಪ್ರಮಾಣ, ನಕ್ಷತ್ರ ಹುಟ್ಟುವ ಮುಂಚಿನ ಮೇಘಗಳಿಂದ ಬಂದ ನೀರನ್ನೂ ಸೌರವ್ಯೂಹದ ಧೂಮಕೇತುಗಳನ್ನೂ ಹೋಲುತ್ತದೆ. ನೀರು ತಟ್ಟೆಯಲ್ಲಿ ಹೊಸದಾಗಿ ಉತ್ಪನ್ನವಾದುದಲ್ಲ, ಮೇಘದಿಂದ ಪಿತ್ರಾರ್ಜಿತವಾಗಿ ಬಂದುದು ಎಂಬುದಕ್ಕೆ ಇದು ಸೂಚನೆ. ಭೂಮಿಯ ನೀರಿನ ಒಂದಂಶವೂ ಹಾಗೆಯೇ ಬಂದಿದ್ದರೆ ಅದು ಸೂರ್ಯನಿಗಿಂತಲೂ ಹಿರಿದಾದುದು. ಹಿಮರೇಖೆಯಾಚೆ ಮಂಜಾಗಿ ಕಾದಿದ್ದು ಭೂಮಿಯನ್ನು ಸೇರಿದುದು. ಬಾವಿಯಿಂದ ಸೇದಿದ ಒಂದು ಕೊಡ ನೀರಿನ ಹಿಂದೆ ಇಷ್ಟು ದೀರ್ಘವಾದ ಇತಿಹಾಸವಿದೆಯೆಂಬುದನ್ನು ತಿಳಿದ ವಿದ್ಯಾರ್ಥಿ ಆ ನೀರನ್ನು ವ್ಯರ್ಥವಾಗಿ ಚೆಲ್ಲಲು ಹಿಂಜರಿಯದೆ ಇರಲಾರನು.