ಇಪ್ಪತ್ತು ನಿಮಿಷಕ್ಕೆ ಅರ್ಧವಾಗುವ ಮದ್ದು

ಲಂಡನ್ನಿನ ಈಸ್ಟ್ ಆಕ್ಟನ್ ನಿಲ್ದಾಣದಲ್ಲಿ ಇಳಿದು, ಸಾಲುಮನೆಗಳ ನಡುವಿನ ಬೀದಿ ದಾಟಿದರೆ ಡು ಕೇನ್ ರಸ್ತೆ. ಮೊದಲು ಎದುರಾಗುವುದು ವರ್ಮ್‌ವುಡ್ ಸ್ಕ್ರಬ್ಸ್ ಜೈಲಿನ ಅವಳಿ ಗೋಪುರದ ಹೆಬ್ಬಾಗಿಲು. ಅದನ್ನು ಬಿಟ್ಟು ಮುಂದೆ ನಡೆದರೆ ಹ್ಯಾಮರ್‌ಸ್ಮಿತ್ ಆಸ್ಪತ್ರೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಡವರಿಗೆಂದು ಕಟ್ಟಿದ್ದು. 1955ರಲ್ಲಿ ಇದರ ಆವರಣಕ್ಕೆ ವಿಕಿರಣಶೀಲ ವಸ್ತು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಬಂತು. ಬದುಕಿರುವವರ ಮೆದುಳಿನಲ್ಲಿ ಮೈಕ್ರೋಗ್ಲಿಯಾ ಕಾಣುವ ಕೆಲಸ ಇಲ್ಲಿ ಬೆಳೆದದ್ದು ಅದರಿಂದಲೇ.

ಮೈಕ್ರೋಗ್ಲಿಯಾ ಎಂದರೆ ಮೆದುಳಿನದೇ ಆದ ರೋಗನಿರೋಧಕ ಕೋಶ. ಸ್ಪೇನಿನ ಪಿಯೊ ದೆಲ್ ರಿಯೊ ಒರ್ಟೇಗಾ 1919ರಲ್ಲಿ ಅದನ್ನು ಗುರುತಿಸಿ ಹೆಸರಿಟ್ಟರು. ಹೊಲ ಕಾಯುವವನು ಬದುವಿನುದ್ದಕ್ಕೂ ಸುತ್ತುವ ಹಾಗೆ, ತನ್ನ ಸಣ್ಣ ಕವಲುಗಳನ್ನು ಚಾಚಿ ಎಳೆದುಕೊಳ್ಳುತ್ತ ಸುತ್ತಲನ್ನು ತಡವುತ್ತಲೇ ಇರುತ್ತದೆ. ಅಲ್ಝೈಮರ್ ಕಾಯಿಲೆಯಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನಿನ ಗಡ್ಡೆಗಳ ಸುತ್ತ ಮುತ್ತಿಕೊಳ್ಳುತ್ತದೆ. ಕಸ ತೆಗೆಯುವುದೂ ಅದೇ, ಕೆಲವೊಮ್ಮೆ ನರಕೋಶಗಳಿಗೆ ಪೆಟ್ಟು ಕೊಡುವುದೂ ಅದೇ.

ಅದನ್ನು ಕಾಣಲು ಪಿಕೆ11195 ಎಂಬ ವಸ್ತುವಿಗೆ ವಿಕಿರಣಶೀಲ ಕಾರ್ಬನ್-11 ಜೋಡಿಸುತ್ತಾರೆ. ಈ ಕಾರ್ಬನ್ ಸುಮಾರು ಇಪ್ಪತ್ತು ನಿಮಿಷಕ್ಕೆ ಅರ್ಧವಾಗುತ್ತದೆ. ಬೇರೆ ಊರಿನಿಂದ ತರಿಸುವ ಮಾತೇ ಇಲ್ಲ. ಸೈಕ್ಲೋಟ್ರಾನ್, ರಸಾಯನ ಕೋಣೆ, ಪಿಇಟಿ ಸ್ಕ್ಯಾನರ್ ಎಲ್ಲವೂ ಕೂಗಳತೆಯಲ್ಲಿ ಇರಬೇಕು. ತಯಾರಾದ ಮದ್ದನ್ನು ಗುಣಮಟ್ಟ ನೋಡಿ, ದಪ್ಪ ಲೋಹದ ಕವಚದ ಸಿರಿಂಜಿನಲ್ಲಿ ಹಿಡಿದು ಬರುತ್ತಾರೆ. ಮಲಗಿದವರ ತಲೆ ಅಲುಗಾಡದಂತೆ ಆಧಾರ, ಪಟ್ಟಿ. ಸುಮಾರು ಒಂದು ಗಂಟೆ ಹಾಗೆಯೇ ಇರಬೇಕು. ನೆನಪು ಜಾರುತ್ತಿರುವವರಿಗೆ, ತಾನೇಕೆ ಇಲ್ಲಿ ಮಲಗಿದ್ದೇನೆಂಬುದೇ ಮಸುಕಾಗಬಹುದಾದವರಿಗೆ, ಇದು ಸಣ್ಣ ಮಾತಲ್ಲ. ಪರದೆಯ ಮೇಲಿನ ಬಣ್ಣ ನೋಡುವಾಗ ನನಗೆ ಮೊದಲು ನೆನಪಾಗುವುದು ಅವರ ತಾಳ್ಮೆ.

2001ರಲ್ಲಿ ಇಲ್ಲಿನ ತಂಡ ಇಂಥ ಚಿತ್ರಗಳನ್ನು ಪ್ರಕಟಿಸಿತು. ಅಲ್ಝೈಮರ್ ರೋಗಿಗಳ ಮೆದುಳಿನಲ್ಲಿ, ನೆನಪಿಗೆ ಬಾಗಿಲಿನಂತಿರುವ ಎಂಟೊರೈನಲ್ ಭಾಗವೂ ಸೇರಿ ಹಲವೆಡೆ ಸಂಕೇತ ಏರಿತ್ತು. ಸತ್ತ ಮೇಲೆ ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುತ್ತಿದ್ದುದರ ಸುಳಿವು ಬದುಕಿರುವಾಗಲೇ ಸಿಕ್ಕಿತು.

ಆದರೆ ಮದ್ದು ಅಂಟುವುದು ನೇರ ಕೋಶಕ್ಕಲ್ಲ, ಟಿಎಸ್‌ಪಿಒ ಎಂಬ ಪ್ರೋಟೀನಿಗೆ. ಅದು ಆಸ್ಟ್ರೋಸೈಟ್ ಎಂಬ ಇನ್ನೊಂದು ಬಗೆಯ ಮೆದುಳಿನ ಕೋಶದಲ್ಲೂ ರಕ್ತನಾಳದ ಗೋಡೆಯಲ್ಲೂ ಇದೆ. ಆಮೇಲೆ ಬಂದ ಹೊಸ ಮದ್ದುಗಳು ಕೆಲವರಲ್ಲಿ ಸರಿಯಾಗಿ ಅಂಟಲಿಲ್ಲ. ಜೀನಿನ ಒಂದೇ ಅಕ್ಷರದ ವ್ಯತ್ಯಾಸ ಕಾರಣವೆಂದು ಇಂಪೀರಿಯಲ್ ಕಾಲೇಜಿನ ಡೇವಿಡ್ ಓವನ್ ಮತ್ತು ಸಹವರ್ತಿಗಳು 2012ರಲ್ಲಿ ತೋರಿಸಿದರು. ಈಗ ಅಂಥ ಸ್ಕ್ಯಾನಿಗೆ ಮುಂಚೆ ಜೀನ್ ಪರೀಕ್ಷೆ ಮಾಡುತ್ತಾರೆ. 2023ರಲ್ಲಿ ಓವನ್ ಒಳಗೊಂಡ ತಂಡವೇ ಇನ್ನೊಂದು ಗಂಟು ಬಿಚ್ಚಿತು: ಇಲಿಯಲ್ಲಿ ಕೆರಳಿದ ಮೈಕ್ರೋಗ್ಲಿಯಾದಲ್ಲಿ ಟಿಎಸ್‌ಪಿಒ ಹೆಚ್ಚುತ್ತದೆ, ಮನುಷ್ಯರಲ್ಲಿ ಹಾಗಲ್ಲ. ಮನುಷ್ಯರ ಚಿತ್ರದಲ್ಲಿ ಕೆಂಪು ಕಲೆ ಹೇಳುವುದು ಕೋಶಗಳು ಕೆರಳಿವೆ ಎಂದಲ್ಲ, ದಟ್ಟವಾಗಿವೆ ಎಂದು.

ಇಷ್ಟು ವರ್ಷ ಓದಿದ ಚಿತ್ರವನ್ನು ಮತ್ತೆ ಬೇರೆ ಕಣ್ಣಿನಿಂದ ಓದಬೇಕಾಗಿ ಬಂತು. ಮೆದುಳಿನ ಉರಿಯೂತ ತಗ್ಗಿಸುವ ಔಷಧ ಪರೀಕ್ಷಿಸುವವರಿಗೆ ಈ ವ್ಯತ್ಯಾಸ ಪ್ರಾಣದಷ್ಟು ಮುಖ್ಯ. ಕೋಶ ಕಾಯುತ್ತಿದೆಯೋ ಕಚ್ಚುತ್ತಿದೆಯೋ ಎಂದು ಬಿಡಿಸಿ ಹೇಳಬಲ್ಲ ಬೇರೆ ಪ್ರೋಟೀನುಗಳನ್ನು ಹುಡುಕುವ ಕೆಲಸ ಈಗ ಹಲವು ದೇಶಗಳ ಪಿಇಟಿ ಕೇಂದ್ರಗಳಲ್ಲಿ ನಡೆಯುತ್ತಿದೆ.